ಕೊಲೆಗಾರ ಯಾರೆಂದು ಮೊದಲೇ ತಿಳಿದ ಮೇಲೂ ‘ಎಲ್ಸ್‌ಬೆತ್’ನಲ್ಲಿ ನೋಡುವುದೇನಿದೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರುಗಳಿವೆ. ಅಮೆರಿಕದ ಪತ್ತೇದಾರಿ ಧಾರಾವಾಹಿ ‘ಎಲ್ಸ್‌ಬೆತ್’ನ ಎರಡು ಕಂತುಗಳನ್ನು ನೋಡಿದಿರಿ, ಎರಡರಲ್ಲೂ ಕೊಲೆ ಮಾಡಿದವರು ಯಾರೆಂದು ಶುರುವಿನಲ್ಲೇ ಗೊತ್ತಾಗಿಹೋಯಿತು, ಇನ್ನು ಕಾಯುವುದು ಯಾತಕ್ಕೆ ಎಂಬುದು ಒಂದು. ಕಣ್ಣಿಗೆ ಹೊಡೆಯುವ ಬಣ್ಣದ ಕೋಟು ತೊಟ್ಟು, ತೋಳಿಗೆ ಎರಡು ಮೂರು ಚೀಲ ನೇತುಹಾಕಿಕೊಂಡು, ಹೆಣ ಬಿದ್ದಿರುವ ಕೋಣೆಯಲ್ಲೂ ಕಂಡಕಂಡದ್ದಕ್ಕೆ ಖುಷಿಪಡುವ ಹೆಂಗಸನ್ನು ಪತ್ತೇದಾರಿಣಿ ಎಂದು ನಂಬುವುದು ಹೇಗೆ ಎಂಬುದು ಇನ್ನೊಂದು. ಇಂಥದ್ದನ್ನು ಮೆಚ್ಚುವವರು ಯಾಕೆ ಮೆಚ್ಚುತ್ತಾರೆ, ಮುಂದುವರಿಸಲೇ ಬಿಡಲೇ ಎಂದು ಕೇಳಿದ್ದೀರಿ. ನಾನು ಮೆಚ್ಚುವವರ ಪೈಕಿ; ಸ್ವಲ್ಪ ಹೆಚ್ಚೇ ಮೆಚ್ಚುವವರ ಪೈಕಿ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಕಾದಿಟ್ಟ ಗುಟ್ಟುಗಳನ್ನು ಬಿಟ್ಟುಕೊಡುವುದಿಲ್ಲ.

ಕೊಲೆಗಾರನನ್ನು ಮೊದಲೇ ತೋರಿಸಿಬಿಡುವುದು ಬರೆದವರ ಎಡವಟ್ಟಲ್ಲ, ಬಹಳ ಹಳೆಯ ಪಟ್ಟು. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ ಎಂಬ ಲೇಖಕ 1912ರ ತನ್ನ ಕಥಾಸಂಕಲನದಲ್ಲಿ ಇದನ್ನು ಬೇಕೆಂದೇ ಮಾಡಿ ನೋಡಿದ. ಕಥೆಯ ಮೊದಲರ್ಧದಲ್ಲಿ ಅಪರಾಧವನ್ನು ಇದ್ದದ್ದು ಇದ್ದಹಾಗೆ ಓದುಗರ ಮುಂದೆ ಹರಡಿಟ್ಟ; ಉಳಿದರ್ಧದಲ್ಲಿ ತನ್ನ ಪತ್ತೇದಾರ ಡಾಕ್ಟರ್ ಥಾರ್ನ್‌ಡೈಕ್ ಅದನ್ನು ಹೇಗೆ ಬಯಲಿಗೆಳೆದ ಎಂದು ಹೇಳಿದ. ಟೆಲಿವಿಷನ್ನಿನಲ್ಲಿ ಈ ಪಟ್ಟನ್ನು ಮನೆಮಾತು ಮಾಡಿದ್ದು ‘ಕೊಲಂಬೊ’. 1968ರಲ್ಲಿ ಟಿವಿ ಚಿತ್ರವಾಗಿ ಬಂದು, 1971ರಿಂದ ಧಾರಾವಾಹಿಯಾಗಿ, ಮುದುಡಿದ ಮಳೆಕೋಟಿನ ಪತ್ತೇದಾರ ಕೊಲಂಬೊ ಆಗಿ ನಟ ಪೀಟರ್ ಫಾಕ್‌ನನ್ನು ಜಗತ್ತಿಗೆಲ್ಲ ಪರಿಚಯಿಸಿತು. ‘ಎಲ್ಸ್‌ಬೆತ್’ ಅದೇ ವಂಶದ ಕುಡಿ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡುವುದಿಲ್ಲ.

ಯಾರು ಎಂಬ ಪ್ರಶ್ನೆಯನ್ನು ಕಿತ್ತುಹಾಕಿದಾಗ ಒಂದು ದೊಡ್ಡ ತಲೆನೋವು ತಪ್ಪುತ್ತದೆ. ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಐದಾರು ಜನ ಶಂಕಿತರಿರಬೇಕು, ಅವರೆಲ್ಲರೂ ಏನನ್ನಾದರೂ ಮುಚ್ಚಿಡುತ್ತಿರಬೇಕು, ನಿಜವಾದ ಕೊಲೆಗಾರನಂತೂ ಕೊನೆಯವರೆಗೆ ಮುಖವಾಡ ತೆಗೆಯುವಂತಿಲ್ಲ. ಅಂದರೆ ಕಥೆಯ ಅತ್ಯಂತ ಸ್ವಾರಸ್ಯದ ವ್ಯಕ್ತಿಯೇ ನಮಗೆ ಅಪರಿಚಿತನಾಗಿ ಉಳಿಯುತ್ತಾನೆ. ಇಲ್ಲಿ ಹಾಗಲ್ಲ. ಅವನ ಆಸೆ, ಅವನ ಅವಮಾನ, ಅವನು ಹೂಡಿದ ತಂತ್ರ, ಕೆಲಸ ಮುಗಿದ ಮೇಲೆ ಕನ್ನಡಿ ನೋಡಿಕೊಂಡು ಮುಖ ಸರಿಮಾಡಿಕೊಳ್ಳುವ ಗಳಿಗೆ, ಎಲ್ಲಕ್ಕೂ ನಾವು ಸಾಕ್ಷಿ. ಆಮೇಲೆ ಉಳಿಯುವ ಆಟ ಒಂದೇ: ಇವನು ಎಲ್ಲಿ ಎಡವಿದ? ಮೊದಲ ಹತ್ತು ಹನ್ನೆರಡು ನಿಮಿಷ ಮೊಬೈಲ್ ಕೆಳಗಿಟ್ಟು ನೋಡಿ. ಕೊನೆಗೆ ಅವನನ್ನು ಸಿಕ್ಕಿಸುವ ಸಂಗತಿ ಬಹುತೇಕ ಅಲ್ಲೇ, ನಿಮ್ಮ ಕಣ್ಣೆದುರಿಗೇ ಹಾದುಹೋಗಿರುತ್ತದೆ. ಕೊಲೆಯ ಗಡಿಬಿಡಿಯಲ್ಲಿ ಕೊಲೆಗಾರನಿಗೆ ಹೇಗೆ ಕಾಣಲಿಲ್ಲವೋ ನಮಗೂ ಹಾಗೆಯೇ ಕಂಡಿರುವುದಿಲ್ಲ. ಆ ಭಾಗವನ್ನು ಅರೆಮನಸ್ಸಿನಿಂದ ನೋಡಿದರೆ ಉಳಿದ ಅರ್ಧ ಗಂಟೆ ಸಪ್ಪೆಯಾಗುವುದು ಸಹಜ. ನಿಮಗೆ ಹಾಗಾಗಿರಬಹುದು ಎಂಬ ಅನುಮಾನ ನನಗಿದೆ.

ಈಗ ಆ ಹೆಂಗಸಿನ ವಿಷಯ. ಎಲ್ಸ್‌ಬೆತ್ ಟಾಸ್ಕಿಯೋನಿ ಈ ಧಾರಾವಾಹಿಗಾಗಿ ಹುಟ್ಟಿದವಳಲ್ಲ. ರಾಬರ್ಟ್ ಕಿಂಗ್ ಮತ್ತು ಮಿಷೆಲ್ ಕಿಂಗ್ ದಂಪತಿ 2009ರಲ್ಲಿ ಆರಂಭಿಸಿದ, ಷಿಕಾಗೋ ವಕೀಲರ ಕಥೆಯಾದ ‘ದಿ ಗುಡ್ ವೈಫ್’ನಲ್ಲಿ ಅವಳು 2010ರಲ್ಲಿ ಅತಿಥಿ ಪಾತ್ರವಾಗಿ ಕಾಣಿಸಿಕೊಂಡಳು. ಮಾತಿನ ನಡುವೆ ಕಿಟಕಿಯಾಚೆಗಿನ ಏನನ್ನೋ ನೋಡಿ ವಿಷಯ ಮರೆತವಳಂತೆ ನಿಲ್ಲುವ, ಎದುರಾಳಿ ವಕೀಲರು ಅಯ್ಯೋ ಪಾಪ ಎಂದುಕೊಳ್ಳುವಷ್ಟರಲ್ಲಿ ಅವರ ವಾದದ ಬುಡವನ್ನೇ ಅಲುಗಾಡಿಸಿ ಹೋಗಿರುವ ಕೆಂಪುಗೂದಲಿನ ವಕೀಲೆ. ಬಂದದ್ದು ಅಲ್ಲೊಂದು ಇಲ್ಲೊಂದು ಕಂತಿನಲ್ಲಿ. ಆದರೆ ಆ ಪಾತ್ರಕ್ಕೆ ಕ್ಯಾರಿ ಪ್ರೆಸ್ಟನ್ 2013ರಲ್ಲಿ ಅತಿಥಿ ನಟಿ ವಿಭಾಗದ ಎಮ್ಮಿ, ಅಂದರೆ ಅಮೆರಿಕದ ಟೆಲಿವಿಷನ್ ಪ್ರಶಸ್ತಿ, ಪಡೆದಳು. ಅತಿಥಿಯಾಗಿ ಬಂದವಳಿಗೆ ಸ್ವಂತ ಮನೆ ಕಟ್ಟಿಕೊಡಲು ಕಿಂಗ್ ದಂಪತಿಗೆ ಮತ್ತೆ ಹತ್ತು ವರ್ಷದ ಮೇಲೆ ಬೇಕಾಯಿತು. 2024ರ ಫೆಬ್ರುವರಿ 29ರಂದು, ನಾಲ್ಕು ವರ್ಷಕ್ಕೊಮ್ಮೆ ಬರುವ ಆ ತಿಕ್ಕಲು ದಿನವೇ, ಸಿಬಿಎಸ್ ವಾಹಿನಿಯಲ್ಲಿ ‘ಎಲ್ಸ್‌ಬೆತ್’ ಶುರುವಾಯಿತು. ಬೇಕೆಂದೇ ಆರಿಸಿದ ದಿನವೋ ಏನೋ, ಅವಳಿಗೆ ಒಪ್ಪುತ್ತದೆ.

ಅವಳು ನ್ಯೂಯಾರ್ಕಿಗೆ ಕಾಲಿಡುವುದನ್ನು ನೆನಪಿಸಿಕೊಳ್ಳಿ. ಮೇಲ್ಛಾವಣಿಯಿಲ್ಲದ ಪ್ರವಾಸಿ ಬಸ್ಸಿನಲ್ಲಿ, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕಿರೀಟದಂಥ ಫೋಮ್ ಕಿರೀಟವನ್ನು ತಲೆಗೇರಿಸಿಕೊಂಡು, ಕಟ್ಟಡಗಳನ್ನು ಬಾಯಿಬಿಟ್ಟು ನೋಡುತ್ತ ಬರುತ್ತಾಳೆ. ಆ ನಗರದವರು ಕಂಡರೆ ಮುಖ ತಿರುಗಿಸುವಂಥ ಪ್ರವಾಸಿಯ ಅವತಾರ. ಬರೆದವರು ಇಲ್ಲಿ ಜಾಣತನ ಮಾಡಿದ್ದಾರೆ. ಪ್ರತಿಷ್ಠೆ ಉಳಿಸಿಕೊಳ್ಳುವುದರಲ್ಲೇ ಆಯುಷ್ಯ ಕಳೆಯುವ ಊರಿಗೆ ಪ್ರತಿಷ್ಠೆಯ ಗೊಡವೆಯೇ ಇಲ್ಲದ ಒಬ್ಬಳನ್ನು ಕಳಿಸಿದ್ದಾರೆ.

ಅವಳಿಗೆ ಕೊಟ್ಟಿರುವ ಕೆಲಸವನ್ನೂ ಗಮನಿಸಬೇಕು, ಅನೇಕರು ಅದನ್ನು ನೆಪವೆಂದು ದಾಟಿಬಿಡುತ್ತಾರೆ. ಅಮೆರಿಕದಲ್ಲಿ 1994ರ ಒಂದು ಕಾನೂನು ಅಲ್ಲಿನ ನ್ಯಾಯ ಇಲಾಖೆಗೆ, ನಾಗರಿಕರ ಹಕ್ಕುಗಳನ್ನು ಪದೇಪದೇ ತುಳಿಯುವ ಪೊಲೀಸ್ ಇಲಾಖೆಗಳ ಮೇಲೆ ದಾವೆ ಹೂಡುವ ಅಧಿಕಾರ ಕೊಟ್ಟಿದೆ. ಅಂಥ ದಾವೆಗಳು ಎಷ್ಟೋ ಸಲ ನ್ಯಾಯಾಲಯದ ಉಸ್ತುವಾರಿಯ ಒಪ್ಪಂದದಲ್ಲಿ ಮುಗಿಯುತ್ತವೆ. ಪೊಲೀಸರು ಒಪ್ಪಂದದಂತೆ ನಡೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಲು ಹೊರಗಿನವರೊಬ್ಬರನ್ನು ನೇಮಿಸುತ್ತಾರೆ. ಕಥೆಯಲ್ಲಿ ಎಲ್ಸ್‌ಬೆತ್ ಬಂದಿರುವುದು ಅಂಥ ಮೇಲ್ವಿಚಾರಕಿಯಾಗಿ. ಅಂದರೆ ಅವಳು ಪೊಲೀಸಳಲ್ಲ. ಬಂದೂಕಿಲ್ಲ, ಬ್ಯಾಡ್ಜ್ ಇಲ್ಲ, ಯಾರನ್ನೂ ಬಂಧಿಸುವಂತಿಲ್ಲ, ಠಾಣೆಗೆ ಕರೆಸುವಂತೆಯೂ ಇಲ್ಲ. ಅಧಿಕಾರಿಗಳಿಗೆ ಅವಳು ಬೇಡದ ಅತಿಥಿ, ಶಂಕಿತರಿಗೆ ಬೆದರಬೇಕಾಗಿಲ್ಲದ ಯಾರೋ ಒಬ್ಬಳು. ಅವಳ ಬಳಿ ಇರುವುದು ಮಾತು ಮಾತ್ರ. ಯಾರಾದರೂ ತಾವಾಗಿ ಬಾಯಿಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಇನ್ನು ಮೊದಲ ಸೀಸನ್ನಿನ ಒಳಗೆ ಅವಳಿಗೆ ಬೇರೊಂದು ಗುಟ್ಟಿನ ಕೆಲಸವೂ ಇದೆ. ಅದನ್ನು ನೀವೇ ನೋಡಿ ತಿಳಿಯಿರಿ.

ನನಗೆ ಇಡೀ ಧಾರಾವಾಹಿಯ ಸವಿ ಇರುವುದು ಇಲ್ಲಿಂದ ಮುಂದೆ, ಜನ ಅವಳ ಎದುರು ಬಾಯಿಬಿಡುವ ಪರಿಯಲ್ಲಿ. ಇಲ್ಲಿನ ಕೊಲೆಗಾರರೆಲ್ಲ ತಂತಮ್ಮ ಪುಟ್ಟ ಸಾಮ್ರಾಜ್ಯದ ದೊರೆಗಳು: ನಾಟಕ ಕಲಿಸುವ ಗುರು, ರಿಯಾಲಿಟಿ ಶೋ ನಿರ್ಮಾಪಕ, ಜೋಡಿ ಕೂಡಿಸುವುದನ್ನೇ ವೃತ್ತಿ ಮಾಡಿಕೊಂಡಾಕೆ, ಪ್ಲಾಸ್ಟಿಕ್ ಸರ್ಜನ್. ಅವರ ಲೋಕಕ್ಕೆ ಎಲ್ಸ್‌ಬೆತ್ ಬೆರಗುಗಣ್ಣಿನಿಂದ ಬರುತ್ತಾಳೆ. ಇದು ಹೇಗೆ ಮಾಡುತ್ತೀರಿ, ಅದು ಯಾಕೆ ಹಾಗೆ ಎಂದು ಕೇಳುತ್ತಾಳೆ. ಕೇಳುವವಳಿಗೆ ಏನೂ ಗೊತ್ತಿಲ್ಲ ಎಂದು ಒಮ್ಮೆ ಅನ್ನಿಸಿಬಿಟ್ಟರೆ, ಇಂಥವರಿಗೆ ವಿವರಿಸದೆ ಇರಲಾಗುವುದಿಲ್ಲ. ವಿವರಿಸುತ್ತಾರೆ, ತಿದ್ದುತ್ತಾರೆ, ಬುದ್ಧಿ ಹೇಳುತ್ತಾರೆ. ತಮ್ಮ ಕಸುಬಿನ ಸೂಕ್ಷ್ಮಗಳನ್ನು ಬಾಯ್ತುಂಬ ಹೇಳಿಕೊಳ್ಳುತ್ತಾರೆ. ಆ ಸೂಕ್ಷ್ಮಗಳಲ್ಲೇ ಒಂದು ಅವರು ಪೊಲೀಸರಿಗೆ ಕೊಟ್ಟ ಹೇಳಿಕೆಗೆ ತಾಳೆಯಾಗುವುದಿಲ್ಲ. ಅಷ್ಟು ಸಾಕು.

ಅತಿಥಿ ನಟರ ಮುಖವನ್ನು ನೋಡುತ್ತಿರಿ. ಮೊದಲ ಭೇಟಿಯಲ್ಲಿ ತುಟಿಯಂಚಿನಲ್ಲಿ ನಗು: ಯಾವುದೋ ಅರೆಹುಚ್ಚಿ, ಬೇಗ ಸಾಗಹಾಕಿದರಾಯಿತು. ಎರಡನೆಯ ಭೇಟಿಯಲ್ಲಿ ನಗು ಹಾಗೇ ಇದೆ, ಆದರೆ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಮುಂದಿನ ಸಲ ಅವಳು ಹೊರಟವಳು ಹೊಸ್ತಿಲಲ್ಲಿ ತಿರುಗಿ ನಿಂತು ಇನ್ನೊಂದು ಸಣ್ಣ ಸಂಗತಿ ಕೇಳಿದಾಗ, ಮಾತು ಒಂದು ಕ್ಷಣ ತಡವಾಗುತ್ತದೆ. ಆ ಒಂದು ಕ್ಷಣದ ತಡವನ್ನು ನೋಡುವುದಕ್ಕಾಗಿ ನಾನು ಇಡೀ ಕಂತು ನೋಡುತ್ತೇನೆ ಎಂದರೂ ಸುಳ್ಳಲ್ಲ. ಕೊಲೆಗಾರ ಯಾರೆಂದು ನಮಗೆ ಗೊತ್ತಿರದಿದ್ದರೆ ಆ ತಡಕ್ಕೆ ಅರ್ಥವೇ ಇರುತ್ತಿರಲಿಲ್ಲ. ನೀವು ದೂರಿದ ಕಟ್ಟು ನಮಗೆ ಕೊಡುವ ಬಹುಮಾನ ಇದು.

ನೀವು ನೋಡಿದ ಎರಡನೆಯ ಕಂತನ್ನೇ ತೆಗೆದುಕೊಳ್ಳಿ. ಜೇನ್ ಕ್ರಾಕೋವ್‌ಸ್ಕಿ ಮಾಡಿರುವ ಮನೆ ಮಾರಾಟದ ಏಜೆಂಟ್ ಪಾತ್ರ, ಅವಳ ವ್ಯವಹಾರಕ್ಕೆ ಅಡ್ಡ ನಿಂತ ವಸತಿ ಸಂಕೀರ್ಣದ ಅಧ್ಯಕ್ಷೆಯಾಗಿ ಹಿರಿಯ ನಟಿ ಲಿಂಡಾ ಲೇವಿನ್. ನ್ಯೂಯಾರ್ಕಿನ ಸಹಕಾರಿ ವಸತಿ ಕಟ್ಟಡಗಳ ಪದ್ಧತಿ ತಿಳಿದಿದ್ದರೆ ಆ ಕೊಲೆಯ ಹಿಂದಿನ ರೋಷ ಚೆನ್ನಾಗಿ ಹಿಡಿಯುತ್ತದೆ. ಅಲ್ಲಿ ಖರೀದಿದಾರರು ಫ್ಲ್ಯಾಟನ್ನು ಕೊಳ್ಳುವುದಿಲ್ಲ. ಕಟ್ಟಡದ ಒಡೆತನವಿರುವ ಸಂಸ್ಥೆಯ ಷೇರುಗಳನ್ನು ಕೊಂಡು, ಅದರ ಬಲದ ಮೇಲೆ ವಾಸಿಸುವ ಹಕ್ಕು ಪಡೆಯುತ್ತಾರೆ. ಆ ಸಂಸ್ಥೆಯ ಮಂಡಳಿ ಒಪ್ಪದೆ ಮಾರಾಟ ನಡೆಯುವುದಿಲ್ಲ, ಒಪ್ಪದಿರುವುದಕ್ಕೆ ಕಾರಣ ಹೇಳಬೇಕಾದ ಕಟ್ಟುಪಾಡೂ ಸಾಮಾನ್ಯವಾಗಿ ಇಲ್ಲ. ಎಷ್ಟೇ ಹಣವಿರಲಿ, ಮಂಡಳಿಯ ಒಂದು ‘ಇಲ್ಲ’ದ ಮುಂದೆ ನಡೆಯದು. ಸಿರಿವಂತರ ಜಗಳ ಎಷ್ಟು ಸಣ್ಣತನದ್ದು ಎಂಬುದನ್ನು ಈ ಧಾರಾವಾಹಿ ಭಾಷಣವಿಲ್ಲದೆ ತೋರಿಸುತ್ತದೆ.

ಎರಡನೆಯ ಸೀಸನ್ನಿನ ಮೊದಲ ಕಂತು ಇದಕ್ಕಿಂತಲೂ ಸೊಗಸು. ನೇಥನ್ ಲೇನ್ ಅಪೆರಾ ಸಂಗೀತದ ಪರಮಭಕ್ತನಾಗಿದ್ದಾನೆ. ಅವನ ರಸಾನುಭವಕ್ಕೆ ಕಲ್ಲು ಹಾಕುವವನು ಕಾರ್ಯಕ್ರಮದ ನಡುವೆ ಗದ್ದಲ ಮಾಡುವ ಒಬ್ಬ ದುಡ್ಡಿನ ದೊಡ್ಡಮನುಷ್ಯ. ಅವನನ್ನು ಮುಗಿಸಿಬಿಡುವ ನಿರ್ಧಾರಕ್ಕೆ ಲೇನ್ ಬಂದಾಗ, ಒಂದು ಗಳಿಗೆ ನಾವು ಅವನ ಪಕ್ಷದಲ್ಲೇ ಇರುತ್ತೇವೆ. ಸಿನಿಮಾ ಮಂದಿರದಲ್ಲಿ ಹಿಂದಿನ ಸಾಲಿನವನು ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ಯಾರಿಗಾದರೂ ಈ ಮನಸ್ಥಿತಿ ಅರ್ಥವಾಗುತ್ತದೆ. ಎಲ್ಸ್‌ಬೆತ್‌ಗೂ ಅವನು ಇಷ್ಟವಾಗುತ್ತಾನೆ, ಸುಮ್ಮನೆ ತೋರಿಕೆಗಲ್ಲ.

ಕೊಲಂಬೊಗೂ ಇವಳಿಗೂ ಇರುವ ವ್ಯತ್ಯಾಸವೂ ಇದೇ ಎಂದು ನನಗನ್ನಿಸುತ್ತದೆ. ಕೊಲಂಬೊನ ಪೆದ್ದುತನದಲ್ಲಿ ಬಹುಪಾಲು ವೇಷ. ಅವನು ಬಲೆ ಬೀಸುತ್ತಿದ್ದಾನೆಂದು ನಮಗೂ ಗೊತ್ತು, ಅವನಿಗೂ ಗೊತ್ತು. ಎಲ್ಸ್‌ಬೆತ್ ವೇಷ ಹಾಕಿಲ್ಲ. ಅವಳಿಗೆ ಆ ಅಪೆರಾ ನಿಜಕ್ಕೂ ಬೇಕು, ಆ ಅಂಗಡಿಯ ಬಟ್ಟೆ ನಿಜಕ್ಕೂ ಮುದ್ದಾಗಿದೆ, ಎದುರಿಗಿರುವವನ ಕಸುಬು ನಿಜಕ್ಕೂ ಸ್ವಾರಸ್ಯದ್ದು. ಅದೇ ಹೊತ್ತಿನಲ್ಲಿ ಅವನು ಕೊಲೆಗಾರ ಎಂಬುದೂ ಅವಳಿಗೆ ಖಚಿತ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರುತ್ತವೆ. ಹಾಗಾಗಿಯೇ ಕೊನೆಯಲ್ಲಿ ಕೈಕೋಳ ಬೀಳುವಾಗ ಅವಳ ಮುಖದಲ್ಲಿ ಗೆಲುವಿಗಿಂತ ಬೇಸರವೇ ಹೆಚ್ಚು ಕಾಣುವುದುಂಟು. ಪ್ರೆಸ್ಟನ್ ಇದನ್ನು ಮಾತಿಲ್ಲದೆ ಮಾಡುತ್ತಾಳೆ. ಬಟ್ಟೆಬರೆಯ ತಮಾಷೆಯಲ್ಲಿ ಈ ನಟನೆ ಎಷ್ಟೋ ಜನರ ಗಮನದಿಂದ ತಪ್ಪಿಹೋಗುತ್ತದೆ.

ಹೆಣ್ಣು ಎಂಬುದೂ ಇಲ್ಲಿ ಲೆಕ್ಕಕ್ಕಿದೆ. ಕೊಳಕು ಕೋಟಿನ ಗಂಡಸನ್ನು ಜನ ಬಡವನೆಂದು ಕಡೆಗಣಿಸುತ್ತಾರೆ. ನಡುವಯಸ್ಸಿನ, ನಗುಮುಖದ, ಹೂವಿನ ಚಿತ್ರದ ಬಟ್ಟೆ ತೊಟ್ಟ ಹೆಂಗಸನ್ನು ಕಡೆಗಣಿಸಲು ಕಾರಣವೇ ಬೇಡ. ಅವಳ ಮಾತನ್ನು ಅರ್ಧಕ್ಕೆ ತಡೆಯುತ್ತಾರೆ, ಅವಳ ಜೊತೆಗಿರುವ ಪೊಲೀಸನತ್ತ ತಿರುಗಿ ಉತ್ತರಿಸುತ್ತಾರೆ. ಈ ಕಡೆಗಣಿಸುವಿಕೆಯನ್ನು ಬಳಸಿಕೊಂಡ ಹಳೆಯ ಧಾರಾವಾಹಿ ಇನ್ನೊಂದಿದೆ, 1984ರಿಂದ 1996ರವರೆಗೆ ನಡೆದ ‘ಮರ್ಡರ್, ಶಿ ರೋಟ್’. ಅದೂ ಸಿಬಿಎಸ್‌ನದೇ. ವಿಶೇಷವೆಂದರೆ ಕೊಲಂಬೊನನ್ನು ಸೃಷ್ಟಿಸಿದ ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಇಬ್ಬರೂ ಇದನ್ನು ರೂಪಿಸಿದವರಲ್ಲಿ ಸೇರಿದ್ದಾರೆ. ಪತ್ತೇದಾರಿ ಕಾದಂಬರಿಕಾರ್ತಿ ಜೆಸ್ಸಿಕಾ ಫ್ಲೆಚರ್ ಆಗಿ ಆಂಜೆಲಾ ಲ್ಯಾನ್ಸ್‌ಬರಿ 12 ಸಲ ಎಮ್ಮಿಗೆ ನಾಮನಿರ್ದೇಶನಗೊಂಡಳು, ಒಂದು ಸಲವೂ ಕೊಡಲಿಲ್ಲ. ಪ್ರಶಸ್ತಿ ಮಂಡಳಿಯೂ ಅವಳನ್ನು ಆ ಕೊಲೆಗಾರರ ಹಾಗೆಯೇ ಅಂದಾಜು ಮಾಡಿತ್ತೆಂದು ತೋರುತ್ತದೆ.

ಹಾಗೆಂದು ತಿಕ್ಕಲು ಪತ್ತೇದಾರಿಣಿ ಎಂದ ಕೂಡಲೇ ನಾನು ಮಾರುಹೋಗುತ್ತೇನೆ ಎಂದುಕೊಳ್ಳಬೇಡಿ. ಒಂದು ವಿಚಿತ್ರ ಟೋಪಿ, ಒಂದು ವಿಚಿತ್ರ ಚಟ, ಜೊತೆಗೆ ಹಳೆಯದೊಂದು ದುಃಖ ಸೇರಿಸಿದರೆ ಪಾತ್ರ ಸಿದ್ಧವಾಯಿತು ಎಂದು ನಂಬಿರುವ ಬರಹಗಾರರ ಸಂಖ್ಯೆ ಕಡಿಮೆಯೇನಿಲ್ಲ. ನನ್ನ ಪರೀಕ್ಷೆ ಸರಳ: ಅವಳ ವಿಚಿತ್ರ ಸ್ವಭಾವವನ್ನು ತೆಗೆದುಹಾಕಿದರೂ ಪ್ರಕರಣ ಹಾಗೆಯೇ ಬಗೆಹರಿಯುತ್ತದೆಯೇ? ಬಗೆಹರಿಯುವುದಾದರೆ ಆ ಸ್ವಭಾವ ಬರೀ ಒಡವೆ.

ಈ ಪರೀಕ್ಷೆಯಲ್ಲಿ ಮೇಲುದರ್ಜೆಯಲ್ಲಿ ತೇರ್ಗಡೆಯಾಗುವವಳು ಸ್ವೀಡನ್–ಡೆನ್ಮಾರ್ಕ್ ಜಂಟಿ ಧಾರಾವಾಹಿ ‘ದಿ ಬ್ರಿಡ್ಜ್’ನ ಸಾಗಾ ನೊರೆನ್. 2011ರಲ್ಲಿ ಶುರುವಾದ ಇದು ಎಲ್ಸ್‌ಬೆತ್‌ನ ಲೋಕಕ್ಕೆ ಪೂರ್ತಿ ತದ್ವಿರುದ್ಧ. ಬಣ್ಣವಿಲ್ಲ, ನಗುವಿಲ್ಲ, ಬೆಳಕೂ ಅಷ್ಟಕ್ಕಷ್ಟೆ. ಎರಡು ದೇಶಗಳನ್ನು ಬೆಸೆಯುವ ಓರೆಸುಂಡ್ ಸೇತುವೆಯ ಮೇಲೆ, ಸರಿಯಾಗಿ ಗಡಿರೇಖೆಯ ಮೇಲೆ ಹೆಣ ಸಿಗುತ್ತದೆ. ಸೊಂಟದ ಮೇಲಿನ ಭಾಗ ಒಬ್ಬಳದು, ಕೆಳಗಿನದು ಇನ್ನೊಬ್ಬಳದು. ತನಿಖೆ ನಡೆಯುತ್ತಿರುವಾಗ ಹೃದಯದ ರೋಗಿಯಿರುವ ಆಂಬುಲೆನ್ಸ್ ಬಂದು ದಾರಿ ಕೇಳುತ್ತದೆ. ಸಾಗಾ ಬಿಡುವುದಿಲ್ಲ, ಸ್ಥಳ ಕೆಡುತ್ತದೆ ಎನ್ನುತ್ತಾಳೆ. ಡೆನ್ಮಾರ್ಕಿನ ಅಧಿಕಾರಿ ಮಾರ್ಟಿನ್ ಬಿಟ್ಟುಕಳಿಸುತ್ತಾನೆ. ಅವಳು ಅವನ ಮೇಲೆಯೇ ದೂರು ಬರೆಯಲು ಹೊರಡುತ್ತಾಳೆ. ಅವಳಲ್ಲಿ ಕ್ರೌರ್ಯವಿಲ್ಲ, ನಿಯಮ ನಿಯಮವೇ ಅಷ್ಟೆ. ಸೋಫಿಯಾ ಹೆಲಿನ್ ಆ ಪಾತ್ರಕ್ಕೆ ಎಲ್ಲಿಯೂ ಅನುಕಂಪ ಬೇಡುವುದಿಲ್ಲ, ಧಾರಾವಾಹಿಯೂ ಅವಳ ಸ್ವಭಾವಕ್ಕೆ ವೈದ್ಯಕೀಯ ಹೆಸರಿನ ಚೀಟಿ ಅಂಟಿಸುವುದಿಲ್ಲ. ಸುಳ್ಳು ಹೇಳಲು ಬಾರದ ಅವಳ ಗುಣವೇ ನಾಲ್ಕು ಸೀಸನ್‌ಗಳ ಉದ್ದಕ್ಕೂ ಕಥೆಯನ್ನು ತಿರುಗಿಸುತ್ತ ಹೋಗುತ್ತದೆ.

ಫ್ರಾನ್ಸಿನ ‘ಎಚ್‌ಪಿಐ’ ಇವೆರಡರ ನಡುವೆ ಎಲ್ಲೋ ಇದೆ. 2021ರಲ್ಲಿ ಟಿಎಫ್1 ವಾಹಿನಿಯಲ್ಲಿ ಬಂದದ್ದು. ಮೂರು ಮಕ್ಕಳ ತಾಯಿ, ಪೊಲೀಸ್ ಠಾಣೆ ಗುಡಿಸುವ ಮಾರ್ಗನ್ ಅಲ್ವಾರೊಗೆ ಬುದ್ಧಿಸೂಚ್ಯಂಕ 160. ಆಡ್ರೆ ಫ್ಲೂರೊಳ ಚುರುಕು ನೋಡುವಂಥದ್ದು. ಆದರೆ ಅವಳ ತಲೆಗೆ ಹೊಳೆಯುವ ಉತ್ತರಗಳು ಅನೇಕ ಸಲ ಎಲ್ಲಿಂದಲೋ ಉದುರಿದಂತಿರುತ್ತವೆ, ನಮಗೆ ಆಟವಾಡಲು ಅವಕಾಶವಿಲ್ಲ. ಇದೇ ಕಥೆ 2024ರಲ್ಲಿ ಅಮೆರಿಕಕ್ಕೆ ಹೋಗಿ ‘ಹೈ ಪೊಟೆನ್ಷಿಯಲ್’ ಆಯಿತು. ನೋಡಬಹುದು, ನೋಡದಿದ್ದರೂ ನಷ್ಟವಿಲ್ಲ.

ಎಲ್ಸ್‌ಬೆತ್‌ಗೆ ಮರಳೋಣ. ಅವಳ ಸುತ್ತಲಿನ ಇಬ್ಬರ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಠಾಣೆಯ ಮುಖ್ಯಸ್ಥ ಕ್ಯಾಪ್ಟನ್ ವ್ಯಾಗ್ನರ್ ಆಗಿ ವೆಂಡೆಲ್ ಪಿಯರ್ಸ್. ‘ದಿ ವೈರ್’ನಲ್ಲಿ ಬಂಕ್ ಎಂಬ ಪತ್ತೇದಾರನಾಗಿ ಅವನನ್ನು ನೋಡಿದವರಿಗೆ ಇಲ್ಲಿನ ಗತ್ತು, ಗದರಿಕೆ ಎರಡೂ ಹಳೆಯ ಗೆಳೆಯನ ದನಿಯಂತೆ ಕೇಳುತ್ತವೆ. ಅಧಿಕಾರಿ ಕಾಯಾ ಬ್ಲ್ಯಾಂಕ್ ಆಗಿ ಕಾರಾ ಪ್ಯಾಟರ್‌ಸನ್. ಅವಳಿಗೆ ಪತ್ತೇದಾರಿಣಿಯಾಗುವ ಆಸೆ. ಎಲ್ಸ್‌ಬೆತ್‌ಳನ್ನು ಕಾಯುವ ಕೆಲಸ ಅವಳ ಕೊರಳಿಗೆ ಬಿದ್ದಿದೆ. ಇಬ್ಬರ ನಡುವೆ ಪೈಪೋಟಿ ಹುಟ್ಟಿಸುವುದು ಸುಲಭವಿತ್ತು. ಬರೆದವರು ಹಾಗೆ ಮಾಡದೆ ನಿಧಾನವಾಗಿ ಸ್ನೇಹ ಬೆಳೆಸಿದರು. ಒಬ್ಬಳು ಕಂಡದ್ದನ್ನು ಇನ್ನೊಬ್ಬಳು ನಂಬುವ, ಅಡ್ಡಮಾತಿಲ್ಲದ ಸ್ನೇಹ. ಪತ್ತೇದಾರಿ ಧಾರಾವಾಹಿಗಳಲ್ಲಿ ಇದು ಅಪರೂಪ.

ಕೊರತೆಗಳಿಲ್ಲ ಎನ್ನುತ್ತಿಲ್ಲ. ಕೆಲವು ಕಂತುಗಳ ಕೊನೆಯ ಸಾಕ್ಷ್ಯ ತೀರಾ ತೆಳು. ನ್ಯಾಯಾಲಯದಲ್ಲಿ ಅದನ್ನು ಹರಿದುಹಾಕಲು ಸ್ವತಃ ಎಲ್ಸ್‌ಬೆತ್‌ಳಂಥ ವಕೀಲೆ ಬೇಡ, ಯಾರಾದರೂ ಸಾಕು. ಪೊಲೀಸರ ತಪ್ಪುಗಳನ್ನು ಹುಡುಕಲು ಬಂದವಳು ಬಲುಬೇಗ ಪೊಲೀಸರ ಮನೆಮಗಳಾಗಿಬಿಡುತ್ತಾಳೆ. ಅವಳನ್ನು ಕರೆತಂದ ಆ ಗಂಭೀರ ಕಾರಣ ಬರಬರುತ್ತ ಗೋಡೆಗೆ ತೂಗುಹಾಕಿದ ಪಟವಾಗಿ ಉಳಿಯುತ್ತದೆ. ಇದು ನನಗೆ ನಿಜವಾಗಿ ಕಿರಿಕಿರಿ ಮಾಡುವ ಸಂಗತಿ. ಎರಡನೆಯ ಸೀಸನ್ನಿನಲ್ಲಿ ಹಲವು ಕಂತುಗಳಿಗೆ ಹಬ್ಬುವ ನ್ಯಾಯಾಧೀಶ ಕ್ರಾಫರ್ಡ್‌ನ ಕಥೆ ಬಂದಾಗ ಧಾರಾವಾಹಿಗೆ ಬೇಕಿದ್ದ ಕತ್ತಲು ಸ್ವಲ್ಪ ಸಿಗುತ್ತದೆ. ಆ ಪಾತ್ರ ಮಾಡಿದ ಮೈಕಲ್ ಎಮರ್ಸನ್ ನಿಜಜೀವನದಲ್ಲಿ ಪ್ರೆಸ್ಟನ್‌ಳ ಗಂಡ. 2007ರಲ್ಲಿ ‘ಲಾಸ್ಟ್’ ಧಾರಾವಾಹಿಯ ಒಂದು ಕಂತಿನಲ್ಲಿ ಅವನ ಪಾತ್ರದ ತಾಯಿಯಾಗಿ ನಟಿಸಿದ್ದವಳೂ ಇವಳೇ. ಗಂಡಹೆಂಡಿರು ಎದುರುಬದುರು ಕುಳಿತು ಅಷ್ಟು ತಣ್ಣಗೆ ಒಬ್ಬರನ್ನೊಬ್ಬರು ದ್ವೇಷಿಸುವುದನ್ನು ನೋಡಲಿಕ್ಕಾದರೂ ಅಲ್ಲಿಯವರೆಗೆ ಹೋಗಬೇಕು.

ಹಾಗಾದರೆ ನೀವೇನು ಮಾಡಬೇಕು? ಮೊದಲ ಸೀಸನ್ 10 ಕಂತುಗಳದು, ಪ್ರತಿ ಪ್ರಕರಣವೂ ಆಯಾ ಕಂತಿನಲ್ಲೇ ಮುಗಿಯುತ್ತದೆ. ಮೂರನೆಯದನ್ನು, ಜೆಸ್ಸಿ ಟೈಲರ್ ಫರ್ಗುಸನ್ ರಿಯಾಲಿಟಿ ಶೋ ನಿರ್ಮಾಪಕನಾಗಿರುವುದನ್ನು, ನಾನು ಹೇಳಿದ ಹಾಗೆ ಶುರುವಿನ ಭಾಗದ ಮೇಲೆ ಕಣ್ಣಿಟ್ಟು ನೋಡಿ. ಅವನ ತಪ್ಪು ಎಲ್ಲಾಯಿತೆಂದು ಎಲ್ಸ್‌ಬೆತ್‌ಗಿಂತ ಮೊದಲು ಹೇಳಲು ಪ್ರಯತ್ನಿಸಿ. ಅದೂ ರುಚಿಸದಿದ್ದರೆ ಹಠಕ್ಕೆ ಬಿದ್ದು ಮುಂದುವರಿಸಬೇಡಿ, ನೇರವಾಗಿ ‘ದಿ ಬ್ರಿಡ್ಜ್’ಗೆ ಹೋಗಿ. ಅಲ್ಲಿ ಕೊಲೆಗಾರ ಯಾರೆಂದು ತಿಳಿಯಲು ನಿಮಗೆ ಬೇಕಾದಷ್ಟು ಕಾಯಿಸುತ್ತಾರೆ. ಮೂಲ ಸ್ವೀಡಿಷ್–ಡ್ಯಾನಿಷ್ ಆವೃತ್ತಿಯನ್ನೇ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಬೇರೆ ದೇಶಗಳು ಮಾಡಿಕೊಂಡ ನಕಲುಗಳಿಗೆ ಕೈಹಾಕಬೇಡಿ.